ಅಟ್ಟದ ಮರಿಯೂ ಹಳೇಬೀಡಿನ ಬಸ್ಸೂ

“ನನ್ನ ಅಪ್ಪಣೆಯಿಲ್ಲದೆ ಈ ಮನೆಯ ಹೊಸ್ತಿಲನ್ನು ಒಂದು ಮರಿಯೂ ದಾಟಕೂಡದು!”

ಶುಕ್ರವಾರ ಸಂಜೆ ನಾನು ಹೀಗೆಂದು ಘೋಷಿಸಿದಾಗ ಕೈಯಲ್ಲಿ ಖಡ್ಗವಿರಲಿಲ್ಲ, ಕಾಫಿ ಲೋಟವಿತ್ತು. ಧ್ವನಿ ಮಾತ್ರ ಸಾಕ್ಷಾತ್ ಹೊಯ್ಸಳ ದೊರೆಯದು. ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಕುಮಾರಸ್ವಾಮಿ, ಅಂದರೆ ನಾನು, ಮನೆಯ ರಕ್ಷಣೆಯ ವಿಷಯದಲ್ಲಿ ಯಾರ ಮಾತನ್ನೂ ಕೇಳುವವನಲ್ಲ. ಹಿತ್ತಲಿನ ಗೋಡೆಯ ಮೇಲೆ ಸಾಲಾಗಿ ಗಾಜಿನ ಚೂರು ನೆಡಿಸಿದ್ದೇನೆ. ಮುಂಬಾಗಿಲಿಗೆ ಹಾಕಿಸಿರುವ ಬೀಗವನ್ನು ಒಮ್ಮೊಮ್ಮೆ ನಾನೇ ತೆಗೆಯಲಾರೆ!

ನಾನು ಗುಡುಗಿದ್ದಕ್ಕೆ ಕಾರಣ ನನ್ನ ಮಗಳು ಸಿರಿ. ದ್ವಿತೀಯ ಪಿಯುಸಿಯ ಹುಡುಗಿ. ಮಾದಿಹಳ್ಳಿಯ ಅಜ್ಜಿಯ ಮನೆಗೆ ಬಸ್ಸಿನಲ್ಲಿ ಒಬ್ಬಳೇ ಹೋಗುತ್ತಾಳಂತೆ!

“ಒಬ್ಬಳೇ? ಹಳೇಬೀಡಲ್ಲಿ ಬಸ್ ಬದಲಾಯಿಸ್ಬೇಕು, ಗೊತ್ತಾ ನಿಂಗೆ?” ಎಂದೆ.

“ಗೊತ್ತಪ್ಪ. ಒಂದರಿಂದ ಇಳಿಯೋದು, ಇನ್ನೊಂದಕ್ಕೆ ಹತ್ತೋದು.”

“ನೋಡ್ದ್ಯಾ ಸ್ವಾತಿ, ಎಷ್ಟು ಸಲೀಸಾಗಿ ಹೇಳ್ತಾಳೆ! ನಿದ್ದೆ ಬಂದು ಬೇಲೂರಿಗೇ ಹೋಗ್ಬಿಟ್ರೆ?”

ನನ್ನ ಹೆಂಡತಿ ಸ್ವಾತಿ ಹುರುಳಿಕಾಯಿ ಮುರಿಯುತ್ತಲೇ ಹೇಳಿದಳು: “ಬೇಲೂರಿಗೆ ಪ್ರಪಂಚದವರೆಲ್ಲ ದುಡ್ಡು ಕೊಟ್ಟು ಬರ್ತಾರೆ. ಇವಳು ನಿದ್ದೆಗಣ್ಣಲ್ಲಿ ಹೋದ್ರೆ ಏನ್ರೀ ಮುಳುಗೋದು?”

ನಾನು ಒಪ್ಪಲಿಲ್ಲ. ಸಿರಿ ಮುಖ ಊದಿಸಿಕೊಂಡಳು. ಕೊನೆಗೆ, ಹೇಗೂ ಸ್ವಾತಿ ತನ್ನ ತಾಯಿಯನ್ನು ಬೇಲೂರಿನ ಕಣ್ಣಿನ ಡಾಕ್ಟರ ಬಳಿಗೆ ಕರೆದೊಯ್ಯಬೇಕಿದ್ದುದರಿಂದ, ತಾಯಿಯ ಬೆಂಗಾವಲಿನಲ್ಲಿ ಮಗಳು ಹೊರಡಬಹುದೆಂದು ತೀರ್ಪು ಕೊಟ್ಟೆ. ಶನಿವಾರ ಬೆಳಗ್ಗೆ ಇಬ್ಬರನ್ನೂ ಬಸ್ ಹತ್ತಿಸಿ, ಕಂಡಕ್ಟರಿಗೆ ಬುದ್ಧಿ ಹೇಳಿ, ಮನೆಗೆ ಬಂದು ಬೀಗ ಜಡಿದುಕೊಂಡು ಕುಳಿತೆ. ಬೀಗದ ಕೈಯನ್ನು ಟಿವಿ ಪಕ್ಕದ ಮೊಳೆಗೆ ನೇತುಹಾಕಿದೆ. ಇನ್ನೊಂದು ಕೀ ಸ್ವಾತಿಯ ಬ್ಯಾಗಿನಲ್ಲಿತ್ತು. ಈ ಕೀಗಳ ವಿವರ ನಿಮಗೆ ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಊಟ ಮುಗಿಸಿ ಮಂಪರಿನಲ್ಲಿದ್ದಾಗ ಹಿತ್ತಲಿನ ಕೊಬ್ಬರಿ ಅಟ್ಟದಿಂದ ಸದ್ದು ಕೇಳಿತು. ಲೊಟಲೊಟ! ಲೊಟಲೊಟ!

ನಮ್ಮ ಕಡೆ ತೆಂಗಿನಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ತಿಂಗಳುಗಟ್ಟಲೆ ಬಿಡುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಗಿಟುಕು ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಕಾಯಿ ಅಲ್ಲಾಡಿಸಿದರೆ ಹೀಗೆ ಲೊಟಲೊಟ ಎನ್ನುತ್ತದೆ. ಆ ಸದ್ದು ಕೇಳಿದರೆ ಕೊಬ್ಬರಿಯವರಿಗೆ ನಾದಸ್ವರ ಕೇಳಿದ ಹಾಗೆ! ಕೊಬ್ಬರಿ ಆಗಿದೆ ಎಂದು ಎದ್ದೆ. ಕಾಯಿ ತನ್ನಷ್ಟಕ್ಕೆ ತಾನೇ ಅಲ್ಲಾಡುವುದಿಲ್ಲ ಎಂಬ ಸಣ್ಣ ವಿಚಾರ ಹೊಳೆದದ್ದು ಏಣಿ ಹತ್ತಿ ಅಟ್ಟದೊಳಗೆ ತಲೆ ತೂರಿಸಿದ ಮೇಲೆ.

ಕಾಯಿಗಳ ರಾಶಿಯ ತುದಿಯಲ್ಲಿ ಒಂದು ಮರಿ ಕುಳಿತಿತ್ತು. ಬೂದು ಮೈ, ಚೂಪು ಮೂತಿ, ತನಗಿಂತ ಉದ್ದದ ಬಾಲ. ಪುನುಗು ಬೆಕ್ಕಿನ ಮರಿ! ಮೂಲೆಯಲ್ಲಿ ಒಣಸೋಗೆಯ ನಡುವೆ ಅದರ ಗೂಡು. ಅಲ್ಲಿ ಇನ್ನೊಂದು ಮರಿ ಸಭ್ಯವಾಗಿ ಮಲಗಿತ್ತು. ಈ ಪುಂಡು ಮಾತ್ರ ಒಂದು ಕಾಯಿಯಿಂದ ಇನ್ನೊಂದಕ್ಕೆ ನೆಗೆಯುತ್ತ, ಪ್ರತಿಯೊಂದನ್ನೂ ಮೂಸುತ್ತ ಅಟ್ಟದ ಬಾಗಿಲ ಕಡೆಗೇ ಬರುತ್ತಿತ್ತು.

ನನ್ನೊಳಗಿನ ತಂದೆ ಎಚ್ಚೆತ್ತ. “ಎಲ್ಲಿಗೆ ಸವಾರಿ? ಕೆಳಗೆ ನಾಯಿ ಇದಾವೆ, ರಸ್ತೇಲಿ ಲಾರಿ ಇದಾವೆ. ಹೋಗು ಒಳಗೆ!” ಎಂದು ಹೆಗಲ ಟವೆಲಿನಲ್ಲಿ ಎತ್ತಿ ಗೂಡಿಗೆ ಬಿಟ್ಟೆ. ಗುರ್ ಎಂದು ಒಂದು ಸದ್ದಾಯಿತು. ಅಂದಿನ ಹುರುಳಿಕಾಯಿ ಸಾರನ್ನು ನಾನೇ ಮಾಡಿಕೊಂಡಿದ್ದರಿಂದ ಅದು ನನ್ನ ಹೊಟ್ಟೆಯದೇ ಎಂದುಕೊಂಡೆ.

ತಿರುಗುವಷ್ಟರಲ್ಲಿ ಮರಿ ಮತ್ತೆ ಹೊರಗೆ! ಮತ್ತೆ ಬಿಟ್ಟೆ. ಮತ್ತೆ ಬಂತು. ಈ ಸಲ ನನ್ನ ಕಾಲ ಮೇಲೆಯೇ ಹತ್ತಿ ಹಾದುಹೋಯಿತು.

“ಓಹೋ, ನೀನೂ ಪಿಯುಸಿಯೋ?” ಎಂದು ಪಂಚೆ ಎತ್ತಿ ಕಟ್ಟಿದೆ. ಗೂಡಿನ ಸುತ್ತ ತೆಂಗಿನಕಾಯಿಯ ಕೋಟೆ ಕಟ್ಟುವುದೆಂದು ತೀರ್ಮಾನಿಸಿದೆ. ರಾಶಿಯ ಬುಡದಿಂದ ಒಂದೊಂದೇ ಕಾಯಿ ಎಳೆದು ಗೂಡಿನ ಮುಂದೆ ಜೋಡಿಸುತ್ತ ಹೋದೆ. ಇಷ್ಟು ವರ್ಷ ಕೊಬ್ಬರಿಯಲ್ಲೇ ಬದುಕಿದವನು ರಾಶಿಯ ಬುಡಕ್ಕೆ ಕೈ ಹಾಕಬಾರದೆಂಬುದನ್ನು ಮರೆತೆ! ಕೋಟೆಗೆ ಕೊನೆಯ ಕಾಯಿ ಇಡುವುದಕ್ಕೂ ಹಿಂದಿನಿಂದ ಭೂಕಂಪವಾಗುವುದಕ್ಕೂ ಸರಿಹೋಯಿತು. ಇಡೀ ರಾಶಿ ಜಾರಿ ದಡದಡ ಬಾಗಿಲಿನಿಂದ ಹೊರಗೆ ಉರುಳಿತು. ಹೋಗುವಾಗ ಏಣಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು.

ಧೂಳು ಅಡಗಿದಾಗ ಏಣಿ ನೆಲದಲ್ಲಿತ್ತು, ನಾನು ಅಟ್ಟದಲ್ಲಿದ್ದೆ. ಹಾರೋಣವೆಂದರೆ ಎರಡಾಳು ಎತ್ತರ, ಕೆಳಗೆ ಕಾಲಿಟ್ಟಲ್ಲಿ ಉರುಳುವ ಕಾಯಿ. ಗುರ್ ಎಂಬ ಸದ್ದು ಮತ್ತೆ ಕೇಳಿತು. ತಲೆಯೆತ್ತಿ ನೋಡಿದರೆ ತೊಲೆಯ ಮೇಲೆ ತಾಯಿ ಪುನುಗು! ನನ್ನ ಹೊಟ್ಟೆ ನಿರಪರಾಧಿ ಎಂದು ಆಗ ತಿಳಿಯಿತು.

ಮರಿಯೋ, ಕೋಟೆಯ ಮೇಲೆ ನಿಧಾನವಾಗಿ ಹತ್ತಿ ಇಳಿದು, ಬಾಗಿಲ ಪಕ್ಕದ ಕಂಬಕ್ಕೆ ಉಗುರು ಕಚ್ಚಿಸಿ ಸರಸರ ನೆಲ ಸೇರಿತು. ಸೇರಿ, ತಲೆಯೆತ್ತಿ ನನ್ನನ್ನೊಮ್ಮೆ ನೋಡಿತು.

ಅಷ್ಟರಲ್ಲಿ ಪಕ್ಕದ ಮನೆಯ ಮಹಡಿಯಿಂದ ಷಡಕ್ಷರಪ್ಪನವರ ದನಿ. ಅವರದೂ ಕೊಬ್ಬರಿ ವ್ಯಾಪಾರ. ಬಾಯಿ ಮಾತ್ರ ರೇಡಿಯೋ ಸ್ಟೇಷನ್ನು.

“ಏನ್ಲಾ ಕುಮಾರ, ಏನ್ ಮಾಡ್ತಿದ್ದೀಯ ಮ್ಯಾಲೆ?”

“ಕಾಯಿ ನೋಡ್ತಿದ್ದೀನಿ, ಷಡಕ್ಷರಪ್ಪಣ್ಣ!”

“ಕಾಯೆಲ್ಲ ಕೆಳಗೈತಲ್ಲೋ?”

“ಅದಕ್ಕೇ, ಮೇಲಿಂದ ನೋಡ್ತಿದ್ದೀನಿ.”

“ಏಣಿನೂ ಬಿದ್ದೈತೆ?”

“ಬಿದ್ದಿಲ್ಲ ಅಣ್ಣ, ಬಿಸಿಲಿಗೆ ಹಾಕಿದ್ದೀನಿ!”

“ಬಂದು ಎತ್ತಿ ಕೊಡಾನ ಅಂದ್ರೆ ಗ್ವಾಡೆ ಮ್ಯಾಲೆಲ್ಲ ಗಾಜು ನೆಡ್ಸಿದ್ದೀಯ. ಕಳ್ಳನೂ ಬರಂಗಿಲ್ಲ, ನಂಟನೂ ಬರಂಗಿಲ್ಲ” ಎಂದು ನಗುತ್ತ ಒಳಗೆ ಹೋದರು. ಸೋಮವಾರದ ಹೊತ್ತಿಗೆ ಮಾರ್ಕೆಟ್ಟಿಗೆಲ್ಲ ಸುದ್ದಿ ಹಬ್ಬುವುದು ಖಂಡಿತ.

ಬೇರೆ ದಾರಿಯಿಲ್ಲದೆ ಸ್ವಾತಿಗೆ ಫೋನ್ ಮಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಬಹಳ ಹೊತ್ತು ನಕ್ಕಳು.

“ಅಗ್ನಿಶಾಮಕದವರನ್ನ ಕರೀರಿ!”

“ಬೀದಿಯುದ್ದಕ್ಕೂ ಗಂಟೆ ಹೊಡ್ಕೊಂಡು ಬರ್ತಾರೆ ಕಣೇ! ನೀನೇ ಬಾ.”

“ಅಮ್ಮನಿಗೆ ಕಣ್ಣಿಗೆ ಔಷಧಿ ಬಿಟ್ಟು ಕೂರಿಸಿದ್ದಾರೆ. ಎಲ್ಲಿ ಬರ್ಲಿ? ಕೀ ಇರೋ ನನ್ನ ಬ್ಯಾಗು ಸಿರಿ ಹತ್ರ ಮಾದಿಹಳ್ಳೀಲೇ ಇದೆ. ಅವಳನ್ನ ಕಳಿಸ್ತೀನಿ.”

“ಒಬ್ಬಳನ್ನೇ? ಬೇಡ! ನಾನು ಇಲ್ಲೇ ಇರ್ತೀನಿ.”

“ಎಷ್ಟು ದಿನ? ನೀವೂ ಕೊಬ್ಬರಿ ಆಗೋವರೆಗಾ?”

ಫೋನ್ ಇಟ್ಟಳು. ಕ್ಷಣದಲ್ಲಿ ಸಿರಿಯ ಫೋನು: “ಅಪ್ಪ, ನೀವು ಇದ್ದಲ್ಲೇ ಇರಿ. ಎಲ್ಲಿಗೂ ಹೋಗ್ಬೇಡಿ!” ನಾನು ಎಲ್ಲಿಗೆ ಹೋಗಲಿ?

ಆಮೇಲೆ ನಾನು ಮಾಡಿದ್ದು ಫೋನ್ ಒಂದನ್ನೇ. “ಬಸ್ ಸಿಕ್ತಾ? ಸೀಟ್ ಸಿಕ್ತಾ? ಪಕ್ಕದಲ್ಲಿ ಯಾರು ಕೂತಿದ್ದಾರೆ?” “ಒಂದು ಅಜ್ಜಿ ಅಪ್ಪ, ಕೈಯಲ್ಲಿ ಕೋಳಿ ಇದೆ.” “ಕೋಳಿ ಕುಕ್ಕೀತು, ಹುಷಾರು!” ಹಳೇಬೀಡಿನಲ್ಲಿ ಇಳಿದೆ ಎಂದಳು. “ಬೋರ್ಡ್ ಓದು! ಡ್ರೈವರನ್ನ ಕೇಳು! ಕಂಡಕ್ಟರನ್ನೂ ಕೇಳು...” ಎನ್ನುವಷ್ಟರಲ್ಲಿ ನನ್ನ ಮೊಬೈಲಿನ ಚಾರ್ಜು ಮುಗಿಯಿತು.

ನಿಜ ಹೇಳುತ್ತೇನೆ, ಆಗ ನನಗೆ ಹೆದರಿಕೆಯಾಯಿತು. ನಗೆ, ಬೊಬ್ಬೆ ಎಲ್ಲ ಬತ್ತಿಹೋಯಿತು. ನನ್ನ ಮಗಳು ಹಳೇಬೀಡಿನ ಬಸ್ ನಿಲ್ದಾಣದಲ್ಲಿ ಒಬ್ಬಳೇ ನಿಂತಿದ್ದಾಳೆ, ನಾನು ಇಲ್ಲಿ ಅಟ್ಟದಲ್ಲಿ ಗೂಟ ಬಡಿದ ಹಾಗೆ ಕುಳಿತಿದ್ದೇನೆ. ಏನಾದರೂ ಆದರೆ ಓಡಿಹೋಗಲು ನನಗೆ ಏಣಿಯೂ ಇಲ್ಲ.

ತಾಯಿ ಪುನುಗಿನ ಕಡೆ ನೋಡಿದೆ. ಅದರ ಮರಿಯೂ ಹೊರಗೇ ಇತ್ತಲ್ಲ! ಹಿತ್ತಲಲ್ಲಿ ಆ ಪುಂಡು ನನ್ನ ಚಪ್ಪಲಿ ಮೂಸಿತು, ಬಕೆಟ್ಟಿನ ನೀರಿಗೆ ಮೂತಿ ಅದ್ದಿ ಸೀನಿತು, ತುಳಸಿಕಟ್ಟೆ ಹತ್ತಿ ಇಳಿಯಿತು. ತಾಯಿ ತೊಲೆಯ ಮೇಲೆ ಗದ್ದ ಊರಿ ನೋಡುತ್ತಿತ್ತು. ಕೂಗಲಿಲ್ಲ, ಅಟ್ಟಿಸಿಕೊಂಡು ಹೋಗಲಿಲ್ಲ. ಆದರೆ ಕಣ್ಣನ್ನು ಒಮ್ಮೆಯೂ ಮರಿಯಿಂದ ತೆಗೆಯಲಿಲ್ಲ. “ನಿನಗೆ ಭಯ ಆಗಲ್ವೇನಮ್ಮ?” ಎಂದು ಕೇಳಿಯೂ ಬಿಟ್ಟೆ. ಅದು ನನ್ನತ್ತ ತಿರುಗಿ ಗುರ್ ಎಂದಿತು. ಅದಕ್ಕಿದ್ದ ಭಯವೆಲ್ಲ ನನ್ನ ಬಗ್ಗೆಯೇ ಇರಬೇಕು!

ಹೊತ್ತು ಇಳಿಯುತ್ತಿದ್ದಂತೆ ಮರಿ ತಾನಾಗಿಯೇ ಕಂಬ ಹತ್ತಿ, ನನ್ನ ಮುಂದೆಯೇ ಹಾದು, ನನ್ನ ಕೋಟೆಯನ್ನು ದಾಟಿ ಗೂಡು ಸೇರಿತು.

ಅದರ ಹಿಂದೆಯೇ ಮುಂಬಾಗಿಲಿನ ಬೀಗ ಕಟಕ್ ಎಂದಿತು. ನಾನೇ ತೆಗೆಯಲಾರದ ಬೀಗವನ್ನು ಒಂದೇ ಸಲಕ್ಕೆ ತೆಗೆದು ಸಿರಿ ಹಿತ್ತಲಿಗೆ ಬಂದಳು. ಕೈಯಲ್ಲಿ ಜಾವಗಲ್‌ನಲ್ಲಿ ಬಸ್ ನಿಂತಾಗ ಕೊಂಡ ಬಿಸಿ ಕಡಲೇಕಾಯಿ ಪೊಟ್ಟಣ. ಕಾಯಿಗಳನ್ನು ಕಾಲಿನಿಂದ ಸರಿಸಿ ಏಣಿ ನಿಲ್ಲಿಸಿ ಬಿಗಿಯಾಗಿ ಹಿಡಿದಳು.

“ನಿಧಾನ ಅಪ್ಪ. ಕೆಳಗೆ ನೋಡ್ಬೇಡಿ. ಹಾಂ, ಇನ್ನೊಂದು ಕಾಲು. ಶಭಾಷ್!”

ನೆಲ ಮುಟ್ಟಿದವನೇ ಅವಳ ತಲೆ ಸವರಿದೆ. “ಅಳ್ತಿದ್ದೀರಾ ಅಪ್ಪ?” ಎಂದಳು. “ಧೂಳು ಕಣೇ” ಎಂದೆ.

ಭಾನುವಾರ ಬೆಳಗ್ಗೆ ಮಹಾಪ್ರಭುಗಳು ಹೊಸ ಆಜ್ಞೆ ಹೊರಡಿಸಿದರು: ಸಿರಿ ಇನ್ನು ಮುಂದೆ ಮಾದಿಹಳ್ಳಿಗೆ ಒಬ್ಬಳೇ ಹೋಗಬಹುದು! ಸುದ್ದಿ ತಿಳಿಸಲು, ಮಾದಿಹಳ್ಳಿಯಲ್ಲೇ ಉಳಿದಿದ್ದ ಸ್ವಾತಿಗೆ ಫೋನ್ ಮಾಡಿ ಸಿರಿಗೂ ಕೇಳಿಸಲೆಂದು ಸ್ಪೀಕರ್ ಹಾಕಿದೆ.

“ಸ್ವಾತಿ, ಸಿರೀನ ಒಬ್ಬಳನ್ನೇ ಕಳಿಸ್ತಿದ್ದೀನಿ!” ಎಂದೆ ಗಂಭೀರವಾಗಿ.

“ಬೇಡ ಬೇಡ!” ಎಂದಳು ಸ್ವಾತಿ ಗಾಬರಿಯಿಂದ. ನನಗೆ ಒಳಗೊಳಗೇ ಖುಷಿಯಾಯಿತು. ನೋಡಿ, ಕೊನೆಗೂ ತಾಯಿಯ ಕರುಳು!

“ಸಿರಿ, ಕೇಳಿಸ್ತಿದೆಯಾ ಪುಟ್ಟಿ? ಅಪ್ಪನ್ನ ಮನೇಲಿ ಒಬ್ಬರನ್ನೇ ಬಿಟ್ಟು ಬರ್ಬೇಡ, ಜೊತೇಲೇ ಕರ್ಕೊಂಡು ಬಾ. ಹಳೇಬೀಡಲ್ಲಿ ಬಸ್ ಬದಲಾಯಿಸ್ಬೇಕು, ಕೈ ಗಟ್ಟಿಯಾಗಿ ಹಿಡ್ಕೋ!”