ಸರದಾರನ ತಕರಾರು

ನಾನು ಕಟ್ಟಿದ ಪ್ರತಿಯೊಂದು ಘಟಕದಲ್ಲೂ ನೀರು ತಿಳಿಯಾಗುತ್ತದೆ, ನನ್ನ ತಲೆ ಮಾತ್ರ ಕದಡುತ್ತದೆ. ಇದು ಇಷ್ಟು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲ.

ನಾನು ಸಿವಿಲ್ ಎಂಜಿನಿಯರ್, ಊರು ವಿಜಯಪುರ. ಕೆರೆಯ ನೀರನ್ನು ಕುಡಿಯುವಂತೆ ಮಾಡುವ ಘಟಕಗಳನ್ನು ಕಟ್ಟಿಸುವುದು ನನ್ನ ಕೆಲಸ. ನಮ್ಮ ಕಂಪನಿಯಲ್ಲಿ ನಕ್ಷೆ ಬರೆಯುವವರೂ ನಾವೇ, ಕಟ್ಟುವವರೂ ನಾವೇ. ಹಾಗಾಗಿ ಎರಡೂ ಒಟ್ಟಿಗೇ ನಡೆಯುತ್ತವೆ. ಕೇಳಲಿಕ್ಕೆ ಚೆಂದ. ಗಡಿಯಾಚೆ ಮಹಾರಾಷ್ಟ್ರದ ಜತ್ತ ತಾಲೂಕಿನ ಮಾಡಗ್ಯಾಳದ ಕಡೆಯ ಒಂದು ಊರಿಗೆ ನನ್ನನ್ನು ಕಳಿಸುವಾಗ ಪುಣೆ ಆಫೀಸಿನ ಸಾಹೇಬರು ಹೇಳಿದ್ದು ಇಷ್ಟೇ: "ಊರವರು ನೀರು ಕುಡಿದು ಒಪ್ಪಿಗೆ ಬರೆದುಕೊಟ್ಟ ದಿನ ನಿನ್ನನ್ನು ವಿಜಯಪುರಕ್ಕೆ ವರ್ಗ ಮಾಡುತ್ತೇವೆ." ಮನೆಯಲ್ಲಿ ಹೆಂಡತಿಗೆ "ಒಂದು ವರ್ಷ, ಅಷ್ಟೇ" ಎಂದು ಹೇಳಿ ಹೊರಟೆ.

ಗೂಟ

ಊರಿನ ದನ-ಕುರಿ ಮೇಯುವ ಗಾಯರಾನದಲ್ಲಿ ಅಳತೆ ಮಾಡಿ, ನಾಲ್ಕು ಮೂಲೆಗೆ ಗೂಟ ಬಡಿಸಿ, ಸುಣ್ಣದ ಗೆರೆ ಹಾಕಿಸಿ ಎರಡು ದಿನ ಜತ್ತಕ್ಕೆ ಹೋಗಿದ್ದೆ. ಬಂದು ಟೇಪು ಹಿಡಿದರೆ ಎಲ್ಲ ಅಳತೆಯೂ ಸರಿ. ಆದರೂ ಏನೋ ತಪ್ಪಿದೆ ಅನ್ನಿಸುತ್ತಿತ್ತು. ಆಮೇಲೆ ಹೊಳೆಯಿತು, ಎಡಕ್ಕಿದ್ದ ಜಾಲಿ ಗಿಡ ಬಲಕ್ಕೆ ಬಂದಿದೆ.

ಗೋಡೆ ಕಟ್ಟುವ ಗೌಂಡಿಯನ್ನು ಕರೆದು, "ಈ ಗಿಡ ಇಲ್ಲೇ ಇತ್ತೇನೋ?" ಎಂದೆ.

"ಗಿಡ ಎಲ್ಲಿ ಹೋಗತೈತ್ರಿ ಸಾಹೇಬ್ರ, ನಾ ಸಣ್ಣಾಂವ ಇದ್ದಾಗಿಂದ ಇಲ್ಲೇ ಐತಿ."

ಅಷ್ಟರಲ್ಲಿ ಕುರಿ ಹೊಡೆದುಕೊಂಡು ತಾತ್ಯಾ ಬಂದರು. ಊರಿನ ಹಿರಿಯ ಕುರುಬರು, ಪಂಚಾಯತಿ ಸದಸ್ಯರು. ಅವರು ಮಾತಾಡಿದ ಮೇಲೆ ಊರು ಮಾತಾಡುತ್ತದೆ.

"ಗೂಟ ನಾ ಸರಸೀನ್ರಿ," ಎಂದರು. "ನಮ್ಮ ಕುರಿ ಹಾಯೂ ದಾರ್ಯಾಗ ಬಡದಿದ್ರಿ. ಹಗ್ಗಾ ಹಿಡದು ನಾಕೂ ಗೂಟ ಒಂದ ಅಳತೀಲೆ ಸರಸೀನಿ. ನಿಮ್ಮ ಡಿಸೈನಿಗೆ ನಾ ಕೈ ಹಚ್ಚಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಹಳೆ ಜಾಗವೇ ಸರಿ ಎಂದು ತೋರಿಸಬೇಕೆಂದು ಎರಡೂ ಕಡೆ ಗುಂಡಿ ತೋಡಿಸಿದೆ. ನಾನು ಆರಿಸಿದಲ್ಲಿ ಎಷ್ಟು ತೋಡಿದರೂ ಪಾಯ ನಿಲ್ಲದ ಎರೆಮಣ್ಣು, ತಾತ್ಯಾ ಆರಿಸಿದಲ್ಲಿ ಮೊಣಕಾಲಿನ ಆಳಕ್ಕೇ ಗಟ್ಟಿ ಗರಸು ನೆಲ. ಬಾಯಿ ಮುಚ್ಚಿಕೊಂಡು ಅಲ್ಲೇ ಪಾಯ ತೆಗೆಸಿದೆ. "ಆಳವಾದ ಅಧ್ಯಯನದಿಂದ ಜಾಗ ಆರಿಸಿದ್ದಕ್ಕೆ" ಪುಣೆ ಆಫೀಸಿನಿಂದ ನನಗೆ ಮೆಚ್ಚುಗೆ ಪತ್ರ ಬಂತು. ನಾಚಿಕೆಯಾಗಿ ಅದನ್ನು ತಾತ್ಯಾರಿಗೆ ಓದಿ ಹೇಳಿದೆ.

"ಇರ್ಲಿ ತಗೋರಿ," ಎಂದರು. "ಹಳೂಕ ಹಳೂಕ ಈ ನೆಲಾ ನಿಮಗೂ ಗೊತ್ತಾಗತೈತಿ."

ಬಾಗಿಲು

ನೀರಿಗೆ ಬೆರೆಸುವ ಔಷಧದ ಕೋಣೆಗೆ ಬಾಗಿಲು ಎಲ್ಲಿ? ನಕ್ಷೆಯಲ್ಲಿ ಇರಲಿಲ್ಲ. ಪುಣೆಯ ಡಿಸೈನರಿಗೆ ಫೋನ್ ಮಾಡಿದೆ. "ಅಲ್ಲಿ ಎಲ್ಲಿ ಬಿಟ್ಟಿದ್ದಾರೆ ನೋಡಿ ಹೇಳಿ, ನಕ್ಷೆಯಲ್ಲಿ ಹಾಕುತ್ತೇನೆ" ಎಂದ. ಗೌಂಡಿಯನ್ನು ಕೇಳಿದರೆ, "ನಕ್ಷಾದಾಗ ಎಲ್ಲಿ ಐತಿ ನೋಡಿ ಹೇಳ್ರಿ, ಅಲ್ಲೇ ಬಿಡತೀನಿ" ಎಂದ. ಒಂದು ವಾರ ಇವನದನ್ನು ಅವನಿಗೆ, ಅವನದನ್ನು ಇವನಿಗೆ ಹೇಳುತ್ತ ಕಳೆದೆ. ಕೊನೆಗೆ ನನಗೇ ಯಾರು ಏನು ಕೇಳಿದ್ದರು ಎಂಬುದು ಮರೆತುಹೋಯಿತು.

ಒಂದು ಮಧ್ಯಾಹ್ನ ಗೌಂಡಿ ಕಾಣಿಸಲಿಲ್ಲ. ಕೂಗಿದೆ. ಗೋಡೆಯೊಳಗಿಂದ "ಓ" ಎಂದ. ಏಣಿ ಹತ್ತಿ ಇಣುಕಿದರೆ ನಾಲ್ಕೂ ಗೋಡೆ ತಲೆಗಿಂತ ಎತ್ತರಕ್ಕೆ ಎಬ್ಬಿಸಿ, ನಡುವೆ ಕೂತು ಆರಾಮಾಗಿ ರೊಟ್ಟಿ ತಿನ್ನುತ್ತಿದ್ದಾನೆ.

"ಬಾಗಲಾ ಎಲ್ಲೋ?"

"ನಕ್ಷಾದಾಗ ಇಲ್ರಿ," ಎಂದ. "ಬರ್ರಿ, ಊಟಾ ಮಾಡೂಣು."

ಫೋಟೋ ತೆಗೆದು ಪುಣೆಗೆ ಕಳಿಸಿದೆ. ಮರುದಿನವೇ ಹೊಸ ನಕ್ಷೆ ಬಂತು. ಅದರಲ್ಲಿ ಮೂರು ಬಾಗಿಲು ತೋರಿಸಿ, "ಬೇಕಾದ್ದು ಇಟ್ಟುಕೊಳ್ಳಿ" ಎಂದು ಬರೆದಿದ್ದ.

ಬೇಳೆ

ಅಂತೂ ಘಟಕ ನಿಂತಿತು. ಒಂದು ಓಣಿಯ ನಳಕ್ಕೆ ಪರೀಕ್ಷೆಗೆಂದು ನೀರು ಬಿಟ್ಟೆವು. ಪ್ರಯೋಗಾಲಯದವರು ನೀರು ಉತ್ತಮ ಎಂದು ಬರೆದುಕೊಟ್ಟಿದ್ದರು. ಇನ್ನೇನು, ವಿಜಯಪುರ ಬಂದೇ ಬಿಟ್ಟಿತು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಹೆಣ್ಣುಮಕ್ಕಳು ಕುಕ್ಕರ್ ಸಮೇತ ಬಂದರು.

"ನೀರಾಗ ಏನ್ ಹಾಕ್ತೀರ್ರಿ ಸಾಹೇಬ್ರ? ಬೋರಿನ ನೀರಾಗ ಆರ ಸೀಟಿ ಹೊಡದ್ರೂ ಬ್ಯಾಳಿ ಬ್ಯಾಳಿ ಇದ್ದಂಗ ಇರತಿತ್ತು. ನಿಮ್ಮ ನೀರಾಗ ಎರಡ ಸೀಟಿಗೆ ಕರಗಿ ಹೋತು!"

ಬೋರಿನ ನೀರು ಗಡಸು, ಅದಕ್ಕೇ ಬೇಳೆ ಬೇಯುವುದಿಲ್ಲ, ಇದು ಮೆದು ನೀರು ಎಂದು ಅರ್ಧ ಗಂಟೆ ತಿಳಿಸಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಒಬ್ಬಾಕೆ ಕೇಳಿದಳು: "ಎಲ್ಲಾ ಖರೇರಿ. ಆದ್ರ ಬ್ಯಾಳಿನ ಕರಗಸೂ ನೀರು ನಮ್ಮ ಹೊಟ್ಟಿ ಬಿಡತೈತೇನ್ರಿ?"

ಸರದಾರ

ಒಪ್ಪಿಗೆಗೆ ಘಟಕದ ಮುಂದೆಯೇ ಸಭೆ ಕೂಡಿತು. ತಾತ್ಯಾ ಬರಿಗೈಲಿ ಬರಲಿಲ್ಲ, ತಮ್ಮ ಟಗರನ್ನು ಹಿಡಿದುಕೊಂಡು ಬಂದರು. ಗಿಣಿಮೂಗಿನ, ಎತ್ತರದ, ಮಾಡಗ್ಯಾಳದ ಅಸಲಿ ತಳಿ. ಹೆಸರು ಸರದಾರ.

"ಹೊಸಾ ಊರಿಗೆ ಕುರಿ ಹೊಡಕೊಂಡ ಹೋದ್ರ ಮೊದಲ ಇವಾ ಕುಡೀತಾನು, ಆಮ್ಯಾಲೆ ನಾವು," ಎಂದರು. "ಇವಾ ಕುಡದ್ರ ಸೈ ಮಾಡತೀನಿ."

ಬಕೆಟ್ ಇಟ್ಟೆವು. ಸರದಾರ ಮೂಸಿದ. ಕ್ಲೋರಿನ್ ವಾಸನೆಗೋ ಏನೋ, ನನ್ನನ್ನೊಮ್ಮೆ ಮೇಲೆ ಕೆಳಗೆ ನೋಡಿದ. ಹಗ್ಗ ಜಗ್ಗಿಕೊಂಡು ಘಟಕದ ಹಿಂದೆ ಓಡಿದ. ಅಲ್ಲಿ ಫಿಲ್ಟರಿನ ಮರಳು ತೊಳೆದ ರಾಡಿ ನೀರು ಮೋರಿಯಲ್ಲಿ ಹರಿಯುತ್ತಿತ್ತು. ಅದನ್ನು ಹೊಟ್ಟೆ ತುಂಬ ಕುಡಿದ.

ಸಭೆ ಗೊಂದಲಕ್ಕೆ ಬಿತ್ತು. ಒಬ್ಬರು ಎದ್ದು, "ಹಂಗಾರ ಹಿಂದಿನ ನೀರ ನಳಕ್ಕ ಬಿಡ್ರಿ, ಮುಂದಿಂದು ಮೋರಿಗೆ ಬಿಡ್ರಿ" ಎಂದರು. ಹಲವರು ಹೌದು ಹೌದು ಎಂದರು. ನನಗೆ ನಿಜವಾಗಿ ಅಳು ಬಂತು. ಒಂದು ವರ್ಷ ಅಂದದ್ದು ಎರಡೂವರೆ ಆಗಿತ್ತು, ಕಟ್ಟಿದ್ದನ್ನು ಒಂದು ಟಗರು ಒಂದೇ ಉಸಿರಿಗೆ ಮುಗಿಸಿತ್ತು.

ಆಗ ತಾತ್ಯಾರ ಹೆಂಡತಿ ಕಾಕೂ ಎದ್ದು ಗಂಡನ ಕಡೆ ತಿರುಗಿದರು. "ನಾಕ ದಿನಾ ಆತು, ಇದ ನೀರಿನ ಬ್ಯಾಳಿ ಉಣ್ಣಾಕತ್ತೀರಿ. ನಿನ್ನಿ ಭಾಳ ಚಲೋ ಆಗೇತಿ ಅಂತ ಮತ್ತ ಮತ್ತ ಹಾಕಿಸ್ಕೊಂಡ್ರಿ. ಆಗ ಟಗರಿಗೆ ಕೇಳಿದ್ರೇನು?"

ಊರು ನಕ್ಕಿತು. ತಾತ್ಯಾ ಗಡ್ಡ ಕೆರೆದುಕೊಂಡು ಸಹಿ ಮಾಡಿದರು. ಉಳಿದವರೂ ಮಾಡಿದರು.

ಸಭೆಯ ದಾಖಲೆ ಬರೆಯುವವರು ಪಂಚಾಯತಿಯ ಗ್ರಾಮಸೇವಕರು, ನಡೆದದ್ದನ್ನು ನಡೆದ ಹಾಗೇ ಬರೆಯುವ ಮನುಷ್ಯ. ಮರಾಠಿಯಲ್ಲಿ ನೀಟಾಗಿ ಬರೆದರು: "ಎಲ್ಲರೂ ಒಪ್ಪಿದರು. ಸರದಾರ ಮಾತ್ರ ಒಪ್ಪಲಿಲ್ಲ."

ವಾರಕ್ಕೆ ಪುಣೆಯಿಂದ ಸಾಹೇಬರ ಫೋನು. "ಈ ಸರದಾರ ಯಾರು? ಅವರ ತಕರಾರು ಬಗೆಹರಿಸಿ."

"ಸರ್, ಅದು ಟಗರು."

ಅತ್ತ ಸಾಹೇಬರು ಕಾಗದ ತಿರುವಿದ ಸದ್ದು ಕೇಳಿಸಿತು. ಆಮೇಲೆ, "ಇರಬಹುದು. ಆದರೆ ದಾಖಲೆಯಲ್ಲಿ ವಿರೋಧ ಬಂದಿದೆ, ದಾಖಲೆಯಲ್ಲೇ ಉತ್ತರ ಬರಬೇಕು."

ಯೋಚಿಸಿ ಬರೆದೆ: "ಸದರಿಯವರು ಹಿಂಬದಿಯ ನೀರನ್ನು ಮೆಚ್ಚಿರುವುದರಿಂದ ಮುಂಬದಿಯ ನೀರಿನ ಬಗ್ಗೆ ಅವರಿಗೆ ತಕರಾರಿಲ್ಲ."

ಉತ್ತರ ಬಂತು: "ಸದರಿಯವರಿಗೆ ಹಿಂಬದಿಯ ನೀರು ಕಾಯಂ ಸಿಗುವ ವ್ಯವಸ್ಥೆ ಮಾಡಿ, ಅವರು ಕುಡಿದ ಫೋಟೋ ಕಳಿಸಿದ ಮೇಲೆಯೇ ನಿಮ್ಮ ವರ್ಗಾವಣೆ."

ಮೋರಿಯ ಬಾಯಿಗೆ ಒಂದು ಸಿಮೆಂಟಿನ ತೊಟ್ಟಿ ಕಟ್ಟಿಸಿದೆ. ಗಾರೆ ಮಾಡಿಸಿ, ಬಣ್ಣ ಹಚ್ಚಿಸಿ, ರಾಡಿ ನೀರು ತುಂಬಿಸಿದೆ. ಫೋನು ಹಿಡಿದು ನಿಂತೆ. ಸರದಾರ ಬಂದ, ತೊಟ್ಟಿಯನ್ನು ಮೂಸಿದ, ನನ್ನನ್ನು ಮೇಲೆ ಕೆಳಗೆ ನೋಡಿದ. ಸೀದಾ ಓಣಿಯ ನಳಕ್ಕೆ ಹೋಗಿ, ಕಾಕೂ ತುಂಬಿಟ್ಟಿದ್ದ ಕೊಡದೊಳಗೆ ಮೂತಿ ಹಾಕಿ ಶುದ್ಧ ನೀರು ಕುಡಿದ.

ಅದು ಕಳೆದ ಜೂನಿನ ಮಾತು. ನಾನು ಇನ್ನೂ ತೊಟ್ಟಿಯ ಹತ್ತಿರವೇ ಫೋನು ಹಿಡಿದು ನಿಂತಿದ್ದೇನೆ.