ಎರಡನೇ ಚಂದ್ರೋದಯದ ಲಗ್ನಪತ್ರಿಕೆ

ನಂಬುವುದಿಲ್ಲ ಅನ್ನುವವರು ಈಗಲೇ ಎದ್ದು ಹೋಗಿ. ಅರ್ಧ ಕೇಳಿಸಿಕೊಂಡು, "ಬುಡಪ್ಪ, ಇದೆಲ್ಲ ಕಟ್ಟುಕತೆ" ಅನ್ನಬಾರದು. ಕಟ್ಟಿದ್ದು ಯಾವುದು, ನಡೆದದ್ದು ಯಾವುದು ಅಂತ ನನಗಿಂತ ಚೆನ್ನಾಗಿ ಬಲ್ಲವರು ಮೈಸೂರಲ್ಲಿ ಯಾರಿದ್ದಾರೆ? ಕಟ್ಟುವವನೇ ನಾನು. ಎಮ್ಮೆ ಮೇಯಿಸಿಕೊಂಡು ಬೆಳೆದ ನಾನು, ರಾಕೆಟ್ಟು ಹಾರುವ, ಗಂಡಸು ಗಂಡಸನ್ನು ಪ್ರೀತಿಸುವ ಕಾದಂಬರಿಯನ್ನು ಕನ್ನಡದಲ್ಲಿ ಬರೆದಿದ್ದೇನೆ. ಇಂಥದ್ದು ಬರೆಯಲು ಕೂತವನಿಗೆ ಪ್ರಸಂಗಗಳನ್ನು ಹುಡುಕಿಕೊಂಡು ಹೋಗುವ ಕಷ್ಟ ಇಲ್ಲ. ವಾರಕ್ಕೊಂದು ತಾನಾಗಿಯೇ ಬಂದು ಕಾಲಿಗೆ ತೊಡರಿಕೊಳ್ಳುತ್ತದೆ.

ಒಂದು ಮಾತು ಮಾತ್ರ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಊರಿಗೆಲ್ಲ ಡಂಗುರ ಹೊಡೆದ ನಾನು, ಈ ಕಾದಂಬರಿ ವಿಷಯ ನಮ್ಮಪ್ಪನಿಗೆ ಹೇಳಿರಲಿಲ್ಲ. ಓಡಿ ಬರುವ ಹೋರಿಗೆ ಅಡ್ಡ ನಿಂತ ಗಂಡು ನಾನು. ಅಪ್ಪನ ಮುಂದೆ ನಿಂತರೆ ನಾಲಿಗೆ ಏಳುತ್ತಿರಲಿಲ್ಲ.

೧. ಅಡುಗೆ ಯಾರದು?

ದೇವರಾಜ ಮೊಹಲ್ಲಾದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ನನಗೆ ಡಿಟಿಪಿ ಕೆಲಸ. ಮುಕ್ಕಾಲು ಪಾಲು ಲಗ್ನಪತ್ರಿಕೆ, ಉಳಿದದ್ದು ಗೃಹಪ್ರವೇಶ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅದೇ ಕಂಪ್ಯೂಟರಿನಲ್ಲಿ ಕಾದಂಬರಿ ಟೈಪ್ ಮಾಡುತ್ತಿದ್ದೆ. ಒಂದು ದಿನ ಮಾಲೀಕರು ಹಿಂದಿನಿಂದ ಬಂದು ಓದುತ್ತ ನಿಂತರು. ಹಣೆ ತುಂಬ ವಿಭೂತಿ ಇಟ್ಟುಕೊಂಡು, ಗಲ್ಲಾದಲ್ಲಿ ಕೂತರೆ ಮಠದ ಸ್ವಾಮಿಗಳ ಹಾಗೆ ಕಾಣುವ ಮನುಷ್ಯ.

"ಯಾರಪ್ಪ ಈ ಮಾದೇಶ?"

"ಬಾಹ್ಯಾಕಾಶ ನೌಕೆ ಕ್ಯಾಪ್ಟನ್ ಸಾರ್."

"ಸಿದ್ದರಾಜು?"

"ಎಂಜಿನ್ ಮೆಕ್ಯಾನಿಕ್ ಸಾರ್. ಇಬ್ಬರಿಗೂ ಪ್ರೀತಿ." ಎದೆ ಉಬ್ಬಿಸಿಯೇ ಹೇಳಿದೆ. ಕೆಲಸ ಹೋದರೆ ಹೋಗಲಿ.

ಮಾಲೀಕರು ಇನ್ನೂ ಎರಡು ಪುಟ ಓದಿದರು. "ನೌಕೇಲಿ ಅಡುಗೆ ಯಾರು ಮಾಡೋದು?"

"ಇಬ್ಬರೂ ಸಾರ್."

"ಪಾತ್ರೆ?"

"ಅದೂ ಇಬ್ಬರೇ."

ಅವರು ಕನ್ನಡಕ ತೆಗೆದರು. "ನೋಡಪ್ಪ, ಬೇರೆ ಗ್ರಹ ಅಂದೆ, ಒಪ್ಪಿದೆ. ಇಬ್ಬರು ಹುಡುಗರಿಗೆ ಪ್ರೀತಿ ಅಂದೆ, ಅದು ಅವರಿಷ್ಟ. ಗಂಡಸರು ಹೇಳಿಸಿಕೊಳ್ಳದೆ ಪಾತ್ರೆ ತೊಳೀತಾರೆ ಅಂತೀಯಲ್ಲ, ಅದನ್ನ ಓದುಗರು ನಂಬಲ್ಲ ಕಣೋ."

೨. ಮೂರನೆಯವನು

ವಿದ್ಯಾರಣ್ಯಪುರಂನಲ್ಲಿ ನಮ್ಮ ಮನೆ, ಮೊದಲನೇ ಮಹಡಿ. ನಮ್ಮ ಅಂದರೆ ನಾನು, ನನ್ನ ಗೆಳೆಯ. ಗೆಳೆಯ ಅಂದರೆ ನೀವು ಅಂದುಕೊಂಡದ್ದೇ. ಕೆಳಗಿನ ಮನೆಯ ಓನರ್ ಆಂಟಿಗೆ ಮಾತ್ರ ರೂಮ್‌ಮೇಟು; ನಮ್ಮಪ್ಪನಿಗೆ 'ಜೊತೇಲಿರೋ ಹುಡುಗ'.

ಬರೆದ ಸಂಭಾಷಣೆಯನ್ನು ಗಟ್ಟಿಯಾಗಿ ಓದಿ ನೋಡಬೇಕು, ಆಗಲೇ ಅದರ ಹುಳುಕು ಗೊತ್ತಾಗುವುದು. ನನ್ನ ಗಂಟಲೋ, ಈ ಗದ್ದೆಯಿಂದ ಆ ಗದ್ದೆಗೆ ಕೂಗಿ ಬೆಳೆದದ್ದು. ಭಾನುವಾರ ಬೆಳಿಗ್ಗೆ ನಾನು ಸಿದ್ದರಾಜು, ಗೆಳೆಯ ಮಾದೇಶ. "ಮಾದೇಶ, ನೀನಿಲ್ಲದೆ ಈ ಗ್ರಹದಲ್ಲಿ ನಾನು ಉಸಿರಾಡಲಾರೆ!" ಎಂದು ನಾನು ಕೂಗಿದ ಮೂರನೇ ಸಲಕ್ಕೆ ಕಾಲಿಂಗ್ ಬೆಲ್ ಹೊಡೆಯಿತು. ಬಾಗಿಲಲ್ಲಿ ಆಂಟಿ, ಸೊಂಟದ ಮೇಲೆ ಕೈ.

"ಏನಪ್ಪಾ, ಒಂದು ತಿಂಗಳಿಂದ ಕೇಳಿಸ್ಕೊಂಡು ಸುಮ್ನಿದೀನಿ. ಇನ್ನು ಆಗಲ್ಲ."

ಮುಗಿಯಿತು, ಗಂಟು ಕಟ್ಟಬೇಕು ಅಂದುಕೊಂಡೆ. ಗೆಳೆಯನ ಮುಖ ಸುಣ್ಣ.

"ಇಬ್ಬರಿಗೆ ಅಂತ ಮನೆ ಕೊಟ್ಟಿದ್ದು. ಯಾರು ಈ ಮಾದೇಶ? ದಿನಾ ಇಲ್ಲೇ ಇರ್ತಾನಲ್ಲ? ಟ್ಯಾಂಕ್ ನೀರು ಮೂವರಿಗೆ ಸಾಲಲ್ಲ ಕಣಪ್ಪ!"

ಹಸ್ತಪ್ರತಿ ತೋರಿಸಿ, ಮಾದೇಶ ಬರೀ ಹಾಳೆ ಮೇಲೆ ಇರುವವನು ಎಂದು ಒಪ್ಪಿಸುವಷ್ಟರಲ್ಲಿ ಸಾಕಾಯಿತು. ಆಂಟಿ ನಿರಾಳವಾದರು. ಮರುದಿನದಿಂದ ಹೊಸ ಕಾಟ. ಮೋಟರ್ ಹಾಕಲು ಬಂದಾಗಲೆಲ್ಲ ಕೆಳಗಿನಿಂದ ಕೂಗುತ್ತಿದ್ದರು: "ಏನಪ್ಪಾ, ಆ ಮೆಕ್ಯಾನಿಕ್ ಹುಡುಗನಿಗೆ ಉಸಿರು ಬಂತಾ?"

೩. ಕೈ ಎತ್ತಿ

ಸಿದ್ಧಾರ್ಥನಗರದ ಒಂದು ಮನೆಯ ತಾರಸಿಯಲ್ಲಿ ತಿಂಗಳಿಗೊಮ್ಮೆ ಕತೆ ಓದುವ ಕೂಟ. ಗೆಳೆಯನೇ ಎಳೆದುಕೊಂಡು ಹೋದ. ಚಾಪೆ ಹಾಸಿ ಎಂಟು ಜನ ಕೂತಿದ್ದರು. ನಾನು ಎದ್ದು ನಿಂತು ಗಂಟಲು ಸರಿಮಾಡಿಕೊಂಡೆ.

"ಇಡೀ ಮೈಸೂರು ಜಿಲ್ಲೆಯಲ್ಲಿ ಇಂಥ ಕಾದಂಬರಿ ಬರೆದವನು ನಾನೊಬ್ಬನೇ. ಇನ್ನೊಬ್ಬರಿದ್ದರೆ ಕೈ ಎತ್ತಲಿ!"

ಆರು ಕೈ ಎದ್ದವು.

ಒಬ್ಬಳ ಕತೆಯಲ್ಲಿ ಮಾಟಗಾತಿಯರಿಬ್ಬರ ಸಂಸಾರ. ಇನ್ನೊಬ್ಬನದು ಹಾವಾಗುವ ಹುಡುಗ. ಮೂಲೆಯಲ್ಲಿ ಸ್ವೆಟರ್ ಹಾಕಿಕೊಂಡು ಕೂತಿದ್ದ ನಿವೃತ್ತ ವಿಜ್ಞಾನ ಟೀಚರು, ಇಬ್ಬರು ರಾಣಿಯರು ಹಾರುವ ಆನೆ ಮೇಲೆ ಓಡಿಹೋಗುವ ಕತೆಯನ್ನು ಒಂಬತ್ತು ನೋಟ್‌ಬುಕ್ ತುಂಬ ಬರೆದಿದ್ದರು. ಕೈ ಎತ್ತದ ಇಬ್ಬರಲ್ಲಿ ಒಬ್ಬ ನನ್ನ ಗೆಳೆಯ. ಇನ್ನೊಬ್ಬರು ಆ ಮನೆಯವರು, ಅವರ ಕೈಯಲ್ಲಿ ಕಾಫಿ ತಟ್ಟೆ ಇತ್ತು.

ಸರಿ, ಓದಿದೆ. ಮುಗಿಸಿದಾಗ ಟೀಚರು ಕೇಳಿದರು, "ನಿನ್ನ ಗ್ರಹಕ್ಕೆ ಎರಡು ಚಂದ್ರ ಅಂತೀಯ. ಹಾಗಾದರೆ ಅಮಾವಾಸ್ಯೆ ಯಾವಾಗ? ಮದುವೆ ಮಾಡಿಸಿದ್ದೀಯಲ್ಲ, ಮುಹೂರ್ತ ಹೇಗಿಟ್ಟೆ?"

"ಅದು ಮುಂದಿನ ಅಧ್ಯಾಯದಲ್ಲಿ ಬರುತ್ತೆ" ಎಂದು ಹಾಳೆ ಮಡಚಿಕೊಂಡೆ. ಏಕೈಕ ಅನ್ನುವ ಬಿರುದು ಅಲ್ಲೇ ತಾರಸಿಯಲ್ಲಿ ಕಳೆದುಕೊಂಡು ಬಂದೆ. ವಿಚಿತ್ರ ಅಂದರೆ, ದಾರಿಯುದ್ದಕ್ಕೂ ಮನಸ್ಸು ತುಂಬಿದ ಹಾಗಿತ್ತು. "ಆರು ಜನ ಕಣೋ!" ಅಂತ ಗೆಳೆಯನಿಗೆ ಹೇಳಿದ್ದೇ ಹೇಳಿದ್ದು. ಮುಂದಿನ ತಿಂಗಳು ಹೋಗಿ, "ಜಿಲ್ಲೆಯಲ್ಲಿರುವ ಏಳು ಜನರಲ್ಲಿ ನಾನೇ ಮೊದಲನೆಯವನು" ಎಂದೆ.

"ನಂದು ಶುರುವಾಗಿದ್ದು ನೀನು ಹುಟ್ಟೋಕ್ ಮುಂಚೆ, ಕೂತ್ಕೊಳಪ್ಪ" ಅಂದರು ಟೀಚರು.

೪. ಕರಡು ತಿದ್ದಿದ್ದು

ಟೀಚರ ಪ್ರಶ್ನೆಯಿಂದಲೇ ಈ ಎಡವಟ್ಟು. ಮುಹೂರ್ತ ಗಟ್ಟಿ ಮಾಡಿಯೇ ತೀರುತ್ತೇನೆಂದು, ಹನ್ನೊಂದನೇ ಅಧ್ಯಾಯದಲ್ಲಿ ಒಂದು ಪೂರ್ತಿ ಪುಟ ಲಗ್ನಪತ್ರಿಕೆ ಹಾಕಿದೆ. ಲಗ್ನಪತ್ರಿಕೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರುಂಟೇ? ಚಿ॥ ಮಾದೇಶ, ಚಿ॥ ಸಿದ್ದರಾಜು ಇವರ ವಿವಾಹ ಮಹೋತ್ಸವ. ಮುಹೂರ್ತ: ಎರಡನೇ ಚಂದ್ರೋದಯಕ್ಕೆ ಸಲ್ಲುವ ಶುಭ ಲಗ್ನ. ಸ್ಥಳ: ಕೆಂಪುಗ್ರಹದ ಮೂರನೇ ಬಂದರು. ಕೆಳಗೆ 'ಸುಖಾಗಮನ ಬಯಸುವವರು' ಅಂತ ನನ್ನ ಹೆಸರು. ಸುಮ್ಮನೆ ಹೆಸರಲ್ಲ, ಊರಿನ ಸಮೇತ ದಪ್ಪಕ್ಷರದಲ್ಲಿ. ಲೇಖಕನಿಗೆ ಅಷ್ಟೂ ಬೇಡವೇ?

ಆ ಪುಟ ಹೇಗೆ ಕಾಣುತ್ತದೆ ಅಂತ ಒಂದು ಪ್ರಿಂಟ್ ತೆಗೆದು, ಅಚ್ಚಿಗೆ ಹೋಗುವ ಕರಡುಗಳ ಟ್ರೇಯಲ್ಲೇ ಇಟ್ಟೆ. ಮರುದಿನ ರಜೆ ಹಾಕಿದ್ದೆ. ಅದು ಲಗ್ನದ ಸೀಸನ್ನು. ಬಂದು ನೋಡಿದರೆ ಹಳದಿ ಕಾರ್ಡಿನ ಮೇಲೆ, ಚಿನ್ನದ ಬಣ್ಣದ ಗಣೇಶನ ಸಮೇತ, ಇನ್ನೂರು ಪತ್ರಿಕೆ ಸಿದ್ಧ!

"ಸಾರ್! ಓದಿ ನೋಡಲಿಲ್ವಾ?"

"ಓದದೆ ಹಾಕ್ತೀನೇನೋ? ಒಂದು ಕಾಗುಣಿತ ತಪ್ಪಿಲ್ಲ. ಭೇಷ್."

"ಕೆಂಪುಗ್ರಹದ ಮೂರನೇ ಬಂದರು ಅಂತಿದೆಯಲ್ಲ ಸಾರ್!"

"ರಿಂಗ್ ರೋಡಲ್ಲಿ ಈಗ ಏನೇನೋ ಹೆಸರಲ್ಲಿ ಕನ್ವೆನ್ಷನ್ ಹಾಲ್ ಆಗಿವೆ. ಅದೂ ಒಂದು ಅಂದ್ಕೊಂಡೆ."

"ಇಬ್ಬರಿಗೂ ಚಿರಂಜೀವಿ ಅಂತ ಇತ್ತಲ್ಲ?"

"ನಿನ್ನ ಕತೆಗೆ ನಿಮ್ಮನೆ ಹುಡುಗರ ಹೆಸರನ್ನೇ ಇಟ್ಟಿದ್ದೀಯ, ಅಣ್ಣತಮ್ಮಂದಿರದ್ದು ಒಂದೇ ಮಂಟಪ, ಹುಡುಗಿಯರ ಹೆಸರು ಒಳಪುಟದಲ್ಲಿ ಬರುತ್ತೆ ಅಂದ್ಕೊಂಡೆ." ಹಾಗೆಂದವರು ತಲೆ ಕೆರೆದುಕೊಂಡರು. "ಒಂದೇ ಒಂದು ಎಡವಟ್ಟಾಗಿದೆ ನೋಡು. ನಿಮ್ಮೂರಿಂದ ಒಬ್ಬರು ಮಗಳ ಪತ್ರಿಕೆ ತಗೊಂಡು ಹೋಗೋಕೆ ಬಂದಿದ್ರು. ಅವರ ಕಟ್ಟಿನ ಜೊತೆ ಇದರದ್ದೂ ಒಂದು ಕಟ್ಟು ಹೋಗಿರಬೇಕು."

ಲಗ್ನಪತ್ರಿಕೆ ಊರು ಸೇರಿದ ಮೇಲೆ ಕೇಳಬೇಕೇ? ಕಟ್ಟು ಬಿಚ್ಚಿದವರು ನನ್ನ ಹೆಸರು ನೋಡಿ, ನಮ್ಮೂರ ಹುಡುಗನದೂ ಜೊತೆಗೇ ಹಂಚಿಬಿಡೋಣ, ಪುಣ್ಯ ಬರಲಿ ಅಂತ ಮೂಲೆಮೂಲೆಗೆ ಅರಿಶಿನ ಹಚ್ಚಿ ಮನೆಮನೆಗೂ ಕೊಟ್ಟಿದ್ದರು. ಮೊದಲನೇದು ನಮ್ಮಪ್ಪನ ಕೈಗೆ.

೫. ಅಪ್ಪ ಬಂದರು

ಆ ಭಾನುವಾರ ಬೆಳಿಗ್ಗೆ ಆಂಟಿ ಕೆಳಗಿನಿಂದ ಕೂಗಿದರು, "ನಿಮ್ಮ ತಂದೆ ಬಂದಿದಾರೆ ಕಣಪ್ಪ!" ಬಿಳಿ ಪಂಚೆ, ಹೆಗಲ ಮೇಲೆ ಟವಲು, ಕೈಯಲ್ಲೊಂದು ದೊಡ್ಡ ಚೀಲ. ಗೆಳೆಯ ಅಡುಗೆಮನೆಗೆ ಓಡಿ ಟೀಗಿಟ್ಟ. ನಾನು ಗೋಡೆಗೆ ಅಂಟಿಕೊಂಡೆ.

ಅಪ್ಪ ಜೇಬಿನಿಂದ ಪತ್ರಿಕೆ ತೆಗೆದರು. "ಏನ್ಲಾ ಇದು?"

ಒಂದೇ ಉಸಿರಿಗೆ ಎಲ್ಲ ಒದರಿದೆ. ಕಾದಂಬರಿ, ಗ್ರಹ, ಪ್ರೆಸ್ಸು, ಟ್ರೇ. "ಇಬ್ಬರೂ ಹುಡುಗರೇ ಕಣಪ್ಪ. ಅದು ಅಂಥ ಕತೆ. ನಾನು ಬರೆಯೋದೇ ಅಂಥದ್ದು."

"ಇಬ್ರೂ ಗಂಡುಡುಗ್ರು ಅಂತ ನಂಗೆ ಕಾಣಾಕಿಲ್ವ? ಓದಕ್ ಬತ್ತದೆ ಕಣ್ಲಾ ನಂಗೂ." ಬೆರಳು ಪತ್ರಿಕೆಯ ಕೊನೇ ಸಾಲಿನ ಮೇಲೆ ಬಂತು. "ನಾನ್ ಕೇಳ್ತಿರೋದು ಇದು. ಮನೆ ಯಜಮಾನ ಕಲ್ಲುಗುಂಡಿನಂಗೆ ಬದುಕವ್ನೆ. ಕರೆಯೋರ ಜಾಗ್ದಲ್ಲಿ ಬರೀ ನಿನ್ನೆಸ್ರು ಆಕ್ಕೊಂಡಿದ್ದೀಯಲ್ಲ, ಎಂಗ್ಲಾ ಮನಸ್ ಬಂತು? ಊರೋರೆಲ್ಲ ಕೇಳ್ತಾವ್ರೆ, ಅಪ್ಪ ಮಗನಿಗೆ ಮಾತಿಲ್ವಾ ಅಂತ!"

ಅಪ್ಪ ಪತ್ರಿಕೆ ಮಡಚಿ ಮತ್ತೆ ಜೇಬಿಗಿಟ್ಟುಕೊಂಡರು.

"ಕ್ಯಾಲೆಂಡ್ರಲ್ಲಿ ಹುಡುಕ್ದೆ, ಎರಡ್ನೇ ಚಂದ್ರೋದಯ ಎಲ್ಲೂ ಇರ್ನಿಲ್ಲ. ಮೂರ್ತ ತಪ್ಪೋದ್ರೆ ಅಂತ ಮುಂಚೇನೇ ಬಂದ್ಬುಟ್ಟೆ."

ಗೆಳೆಯ ಟೀ ತಂದುಕೊಟ್ಟ. ಅಪ್ಪ ಒಂದು ಗುಟುಕು ಕುಡಿದು ಅವನ ಮುಖ ನೋಡಿದರು, ನನ್ನ ಮುಖ ನೋಡಿದರು, ಬೋರಲು ಹಾಕಿದ್ದ ಎರಡು ತಟ್ಟೆ ನೋಡಿದರು. "ಅಡ್ಗೆ ಯಾರು ಮಾಡದು ಇಲ್ಲಿ?"

"ಇಬ್ಬರೂ" ಎಂದೆ.

"ಪಾತ್ರೆ?"

"ಅದೂ ಇಬ್ಬರೇ."

"ಸರಿ ಬುಡು" ಎಂದವರೇ ಚೀಲದಿಂದ ಒಂದು ಬಿಂದಿಗೆ ಎತ್ತಿಟ್ಟರು. "ಮನೆಗೆ ಪತ್ರಿಕೆ ಬಂದ್ಮೇಕೆ ಮುಯ್ಯಿ ಮಾಡ್ದೆ ಇರಕ್ಕಾದಾತಾ? ಬಸ್ಸಿಳಿದವ್ನೇ ಮಾರ್ಕೆಟ್ಟಿಗೋಗಿ ತಂದೆ. ಪಾತ್ರೆ ಅಂಗ್ಡಿಯೋನು ಗಂಡಿನೆಸ್ರು ಏನು, ಹೆಣ್ಣಿನೆಸ್ರು ಏನು ಅಂದ. ಕಾರ್ಡಲ್ಲಿ ಇದ್ದಂಗೆ ಕೆತ್ತಪ್ಪ, ನಿಂಗ್ಯಾಕೆ ಅಂದೆ. ಅಲ್ಲ ಕಣ್ಲಾ, ಆ ಗ್ರಹದಲ್ಲಿ ನೀರು ಅವಾ?"

"ಇಲ್ಲಪ್ಪ. ಬರೀ ಧೂಳು."

"ಅಂಗಾರೆ ಅವರಿಗ್ಯಾಕೆ? ನೀವಿಬ್ರೇ ಇಟ್ಕಳಿ."

ಪುಸ್ತಕ ಅಚ್ಚಾಗಿ ಬಂದಿದೆ. ಹನ್ನೊಂದನೇ ಅಧ್ಯಾಯದ ಪತ್ರಿಕೆಯಲ್ಲಿ ಮೊದಲು ಅಪ್ಪನ ಹೆಸರು, ಕೆಳಗೆ ನನ್ನದು, ಸಣ್ಣಕ್ಷರದಲ್ಲಿ. ಕೊನೆಗೆ ನನಗೆ ಸಿಕ್ಕಿದ್ದು ಆ ಸ್ಟೀಲ್ ಬಿಂದಿಗೆ. ಅದರ ಕತ್ತಿನ ಸುತ್ತ ಚಿ॥ ಮಾದೇಶ, ಚಿ॥ ಸಿದ್ದರಾಜು, ಮುಯ್ಯಿ ಕೊಟ್ಟವರು ನಮ್ಮಪ್ಪ ಅಂತ ಚುಕ್ಕಿ ಚುಕ್ಕಿಯಾಗಿ ಕೆತ್ತಿದೆ. ದಿನಾ ಅದರ ನೀರೇ ಕುಡಿಯುತ್ತೇವೆ.