ಗೌಡರ ಕಾರ್ ಶೆಡ್ಡೂ ಧೂಳಿಲ್ಲದ ನೆಲವೂ

ಮೂಡಿಗೆರೆಯಲ್ಲಿ ಬಣ್ಣ, ಸಿಮೆಂಟಿನ ಅಂಗಡಿ ಇಟ್ಟು ಕೂತವನಿಗೆ ನಗು ಹುಡುಕಿಕೊಂಡು ಹೋಗುವ ಕೆಲಸವಿಲ್ಲ. ಸಾಮಾನು ಒಯ್ದವರೇ ಅದನ್ನೂ ತಂದುಕೊಡುತ್ತಾರೆ. ಡಬ್ಬದ ಮೇಲೆ ಬರೆದದ್ದನ್ನು ಓದುವವರು ಕಡಿಮೆ, ನಾನು ಹೇಳಿದ್ದನ್ನು ಕೇಳುವವರು ಇನ್ನೂ ಕಡಿಮೆ. ಬಾಳೂರಿನ ಗೌಡರೊಬ್ಬರ ಕಾರ್ ಶೆಡ್ಡಿನ ವಿಷಯ ಒಂದನ್ನೇ ಹೇಳಿದರೂ ಸಾಕು.

ಗೌಡ್ರು ಹೊಸ ಕಾರು ಬುಕ್ ಮಾಡಿದ್ದರು. ಕಾರಿಗಿಂತ ಮೊದಲು ಶೆಡ್ಡು ಎದ್ದಿತು. ಕೆಳಗೆ ಕಾಂಕ್ರೀಟ್ ನೆಲ. ಹಗಲು ಲೈಟ್ ಹಾಕುವ ಕೆಲಸ ಇರಬಾರದು ಅಂತ ಮೇಲೆ ಬಿಸಿಲು ತೂರಿ ಬರುವ ಪಾರದರ್ಶಕ ಶೀಟು. ಗೌಡರ ತಾಯಿಗೆ ಮಾತ್ರ ಸಮಾಧಾನವಿಲ್ಲ. “ಮೆಣಸು ಒಣಗಿಸೋಕೆ ಒಂದು ಸರಿಯಾದ ಕಣ ಇಲ್ಲ, ಇವನು ಕಾರಿಗೆ ಮನೆ ಕಟ್ತಾನೆ” ಅಂತ ಬಂದವರ ಮುಂದೆಲ್ಲ ಹೇಳುತ್ತಿದ್ದರು. ಗೌಡರಿಗೆ ಅದು ಮರ್ಯಾದೆಯ ಪ್ರಶ್ನೆಯಾಯಿತು. ಕಾರು ಬಂದ ದಿನವೇ ಶೆಡ್ಡಿನೊಳಗೆ ನಿಲ್ಲುತ್ತದೆ, ಬಂದು ನೋಡಿ ಅಂತ ನೆಂಟರಿಗೆಲ್ಲ ಹೇಳಿಬಿಟ್ಟರು.

ಬಾಯಿ ಬಿಟ್ಟ ನೆಲ

ನೆಲದಿಂದ ಸಿಮೆಂಟಿನ ಧೂಳು ಏಳುತ್ತದೆ, ಹೊಸ ಕಾರಿನ ಮೇಲೆ ಕೂರುತ್ತದೆ ಅಂತ ಗೌಡ್ರು ನನ್ನ ಅಂಗಡಿಗೆ ಬಂದರು. ಜೊತೆಗೆ ನೆಲ ಹಾಕಿದ ಗಾರೆ ಮೇಸ್ತ್ರಿಯೂ ಇದ್ದ. ನಾನು ಬಿಡಿಸಿ ಹೇಳಿದೆ: “ಸೀಲರ್ ಹೊಡೆದರೆ ಧೂಳು ನಿಲ್ಲುತ್ತೆ. ಆದರೆ ಮೊದಲು ಕಾಂಕ್ರೀಟಿನ ನಡುವೆ ಬಿಟ್ಟಿರೋ ಸಂದು ತುಂಬಬೇಕು. ಅದಕ್ಕೆ ರಬ್ಬರಿನ ಹಾಗೆ ಎಳೆದಾಡೋ ಸಾಮಾನೇ ಆಗಬೇಕು. ಸಿಮೆಂಟ್ ಹಾಕಬೇಡಿ. ಬಿಸಿಲಿಗೆ ನೆಲ ಹಿಗ್ಗುತ್ತೆ.”

ಮೇಸ್ತ್ರಿ ತಲೆಯಾಡಿಸಿದ. ತಾನು ಹಾಕಿದ ನೆಲ ಬಾಯಿ ಬಿಟ್ಟಿದೆ ಅಂತ ಬೇರೆಯವರ ಬಾಯಲ್ಲಿ ಕೇಳಿದ್ದು ಅವನಿಗೆ ಅವಮಾನವಾಗಿತ್ತು ಅಂತ ಕಾಣುತ್ತದೆ. ಹೋದವನೇ ಎಲ್ಲ ಸಂದಿಗೂ ಸಿಮೆಂಟ್ ತುಂಬಿ, ಕರಣೆಯಲ್ಲಿ ನೀಟಾಗಿ ನುಣುಪು ಮಾಡಿದ. ಮೇಲಿನ ಶೀಟಿನಿಂದ ನಾಲ್ಕಾರು ದಿನ ಬಿಸಿಲು ಬಿತ್ತು. ತುಂಬಿದ್ದೆಲ್ಲ ಬಿರಿದು ಹಪ್ಪಳದ ಹಾಗೆ ಎದ್ದು ಬಂತು, ಜೊತೆಗೆ ನೆಲದ ಅಂಚೂ ಚಕ್ಕೆ ಎದ್ದಿತು.

“ನೆಲ ಹಿಗ್ಗುತ್ತೆ ಅಂತ ಹೇಳಿದ್ದೆನಲ್ಲೋ!” ಅಂದೆ.

“ಹೇಳಿದ್ರಿ ಸಾಬ್ರೇ, ಇಲ್ಲ ಅನ್ನಲ್ಲ. ಆದರೆ ಆ ನೆಲ ಹಾಕಿದವನು ನಾನು. ನನ್ನ ಮಾತು ಕೇಳುತ್ತೆ ಅಂದ್ಕೊಂಡೆ.”

ಮೆತ್ತನೆ ಹಗ್ಗ

ಸಿಮೆಂಟೆಲ್ಲ ಕೆರೆಸಿ ತೆಗೆಸಿದೆ. ಸಂದಿನ ತಳಕ್ಕೆ ಮೊದಲು ಫೋಮಿನ ಹಗ್ಗ ತುರುಕಬೇಕು, ಅದರ ಮೇಲೆ ರಬ್ಬರಿನಂಥ ಅಂಟು ಹಾಕಬೇಕು. ಹಗ್ಗದ ಸುರುಳಿ ಕಳಿಸಿಕೊಟ್ಟೆ. ಮರುದಿನವೇ ಗೌಡರ ಫೋನು: “ಹಗ್ಗ ಸಾಲಲಿಲ್ಲ, ಇನ್ನೊಂದು ಸುರುಳಿ ಕಳ್ಸಿ.”

ಅಳತೆ ತೆಗೆದವನು ನಾನೇ, ಹೇಗೆ ಸಾಲುವುದಿಲ್ಲ? ಸ್ಕೂಟರ್ ಹತ್ತಿಕೊಂಡು ಹೋದೆ. ಗೌಡರ ಕಾಫಿ ಎಸ್ಟೇಟಿನ ಗೇಟು ದಾಟುತ್ತಲೇ ಲೆಕ್ಕ ಸಿಕ್ಕಿತು. ದಾರಿಯುದ್ದಕ್ಕೂ ಸಿಲ್ವರ್ ಓಕ್ ಮರಗಳಿಗೆ ಮೆಣಸಿನ ಬಳ್ಳಿ ಕಟ್ಟಿತ್ತು, ನನ್ನ ಬಿಳಿ ಫೋಮಿನ ಹಗ್ಗದಲ್ಲಿ.

ಗೌಡರ ತಾಯಿ ಅಲ್ಲೇ ನಿಂತು ಕಟ್ಟಿಸುತ್ತಿದ್ದರು. ನನ್ನನ್ನು ಕಂಡು ಮುಖ ಅರಳಿತು. “ಬನ್ನಿ ಸಾಬ್ರೇ. ಇಷ್ಟು ವರ್ಷ ಇಂಥ ಹಗ್ಗ ಎಲ್ಲಿ ಬಚ್ಚಿಟ್ಟಿದ್ರಿ? ಬಳ್ಳಿಗೆ ಒಂದು ಚೂರೂ ನೋವಾಗಲ್ಲ.”

“ಅಮ್ಮಾ, ಅದು ಕಾರ್ ಶೆಡ್ಡಿನ ನೆಲಕ್ಕೆ ತಂದದ್ದು.”

“ನೆಲಕ್ಕೆ ನೋವಾಗುತ್ತಾ?” ಅಂದರು.

ಪ್ಲಾಸ್ಟಿಕ್ ಪರೀಕ್ಷೆ

ಸಂದು ತುಂಬಿಯಾಯಿತು. ಇನ್ನು ಸೀಲರ್. ನೆಲದಲ್ಲಿ ಪಸೆ ಇದ್ದರೆ ಅದು ಹಿಡಿಯುವುದಿಲ್ಲ, ಪದರ ಪದರವಾಗಿ ಏಳುತ್ತದೆ. ಇದಕ್ಕೊಂದು ಸುಲಭದ ಪರೀಕ್ಷೆ ಇದೆ. ಸಂಜೆ ಒಂದು ಪ್ಲಾಸ್ಟಿಕ್ ಹಾಳೆ ಹಾಸಿ ನಾಲ್ಕೂ ಕಡೆ ಟೇಪ್ ಅಂಟಿಸಿ ಬಿಡುವುದು. ಬೆಳಿಗ್ಗೆ ಅದರಡಿ ನೀರು ಕಂಡರೆ ನೆಲ ಇನ್ನೂ ಒಣಗಿಲ್ಲ ಅಂತ ಅರ್ಥ. ಗೌಡರ ಕೈಯಲ್ಲೇ ಟೇಪ್ ಹಾಕಿಸಿ ಬಂದೆ.

ಬೆಳಿಗ್ಗೆ ಫೋನ್ ಮಾಡಿದೆ. “ಏನಾಯ್ತು ಗೌಡ್ರೇ? ಅಡಿಯಲ್ಲಿ ನೀರಿದ್ಯಾ?”

“ನೀರಿಲ್ಲ.”

“ಒಳ್ಳೇದಾಯ್ತಲ್ಲ!”

“ಪ್ಲಾಸ್ಟಿಕ್ಕೂ ಇಲ್ಲ ಮಾರಾಯ್ರೇ.”

ನಡೆದದ್ದು ಇಷ್ಟೇ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಸಂಜೆ ಆ ಕಡೆ ಬಂದಿದ್ದಾನೆ. ಕಾಫಿ ಕೊಯ್ಲಿನ ಕಾಲ, ಕಣದಲ್ಲಿ ಕಾಫಿ ರಾಶಿ, ಮೇಲೆ ಇಬ್ಬನಿ. ಪ್ಲಾಸ್ಟಿಕ್ ನೋಡಿದ ಎಸ್ಟೇಟಿನ ಮನುಷ್ಯ ಇನ್ನೇನು ಮಾಡುತ್ತಾನೆ? ಟೇಪ್ ಕಿತ್ತು, ಹಾಳೆ ಒಯ್ದು ಕಾಫಿಗೆ ಹೊದಿಸಿದ್ದಾನೆ. ಗೌಡ್ರು ರೇಗಿದ್ದಕ್ಕೆ ರೈಟರ್ ಅಂದನಂತೆ, “ನಾನೂ ಯೋಚನೆ ಮಾಡ್ದೆ ಸರ್, ನಿಮ್ಮನೆ ನೆಲಕ್ಕೆ ಚಳಿಯಾಗುತ್ತಾ ಅಂತ.”

ಗೃಹಪ್ರವೇಶ

ಎರಡನೇ ಸಲ ಪ್ಲಾಸ್ಟಿಕ್ ಅಂಟಿಸಿ ಗೌಡ್ರು ಕತ್ತಲಾಗುವವರೆಗೂ ಕಾವಲು ಕೂತರು. ಬೆಳಿಗ್ಗೆ ನೋಡಿದರೆ ಅಡಿಯಲ್ಲಿ ನೀರಿರಲಿಲ್ಲ, ನೆಲ ಒಣಗಿತ್ತು. ಸೀಲರ್ ಎರಡು ಕೋಟ್ ಬಿತ್ತು. ವಾಸನೆ ಹೋಗಲಿ ಅಂತ ಬಾಗಿಲು ತೆರೆದಿಟ್ಟು ಹಾಗೇ ಬಿಟ್ಟೆವು. ನೆಲ ಎಷ್ಟು ಚೆನ್ನಾಗಿ ಬಂತೆಂದರೆ ಕೈಯಿಂದ ಸವರಿದರೂ ಒಂದು ಚೂರು ಧೂಳು ಹತ್ತುತ್ತಿರಲಿಲ್ಲ.

ಕಾರು ಬರುವ ದಿನ ಗೌಡ್ರು ನನ್ನನ್ನೂ ಚಿಕ್ಕಮಗಳೂರಿಗೆ ಕರೆದುಕೊಂಡು ಹೋದರು. ಕಾರಿಗೆ ಹಾರ ಹಾಕಿಸಿಕೊಂಡು, ಹಾರ್ನ್ ಹೊಡೆಯುತ್ತ ಅಂಗಳಕ್ಕೆ ಬಂದೆವು. ನೆಂಟರು ಸಾಲಾಗಿ ನಿಂತಿದ್ದರು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಎಲ್ಲರೂ ಶೆಡ್ಡಿನ ಕಡೆಗೇ ನೋಡುತ್ತಿದ್ದರು.

ಶೆಡ್ಡಿನ ಈ ಗೋಡೆಯಿಂದ ಆ ಗೋಡೆಯವರೆಗೆ ಮೆಣಸು ಹರಡಿತ್ತು. ಮೇಲಿಂದ ಬಿಸಿಲು ಸುರಿಯುತ್ತಿತ್ತು. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಗೌಡರ ತಾಯಿ ಕೂತಿದ್ದರು.

“ಅಮ್ಮಾ, ಇದು ಕಾರ್ ಶೆಡ್ಡು!”

“ಹೌದು ಮಾರಾಯ, ಅಲ್ಲ ಅಂತ ಯಾರಂದ್ರು? ಮಳೆ ಬಂದ್ರೆ ನೆನೆಯಲ್ಲ, ಧೂಳಿಲ್ಲ, ಸಂದಿಗೆ ಒಂದು ಕಾಳು ಬೀಳಲ್ಲ. ಇಂಥ ಕಣ ನಿನ್ನಪ್ಪನೂ ಮಾಡಿರ್ಲಿಲ್ಲ.” ಆಮೇಲೆ ನನ್ನ ಕಡೆ ತಿರುಗಿದರು. “ನೀವೇ ಹೇಳಿ ಸಾಬ್ರೇ, ಕಾರಿಂದ ಎಣ್ಣೆ ಸೋರಿದ್ರೆ ಏನಾಗುತ್ತೆ?”

ಹಾಳಾಗುತ್ತೆ ಅಂದರೆ ನನ್ನ ಸಾಮಾನಿನ ಹೆಸರು ಹೋಗುತ್ತದೆ. ಏನೂ ಆಗಲ್ಲ ಅಂದರೆ ಅಮ್ಮನಂಥ ಗಿರಾಕಿ ಕೈತಪ್ಪುತ್ತಾರೆ. “ನೆಲಕ್ಕೆ ಏನೂ ಆಗಲ್ಲಮ್ಮ. ಮೆಣಸಿನ ವಿಷಯ ನಂಗೊತ್ತಿಲ್ಲ” ಅಂದೆ.

“ಕೇಳಿದ್ಯಾ? ಮೆಣಸಿನ ವಿಷಯ ನಂಗೊತ್ತು. ಕಾರು ಆ ಹಲಸಿನ ಮರದಡಿ ನಿಲ್ಸು.”

ಮರುವಾರ ಗೌಡ್ರು ಅಂಗಡಿಗೆ ಬಂದರು. ಆಚೀಚೆ ನೋಡಿ, ದನಿ ತಗ್ಗಿಸಿ ಅಂದರು: “ಇನ್ನೊಂದು ಶೆಡ್ಡು ಕಟ್ತಿದ್ದೀನಿ ಸಾಬ್ರೇ. ಈ ಸಲ ನಿಮ್ಮಲ್ಲಿರೋ ಅತಿ ಕೆಟ್ಟ ಸಾಮಾನು ಕೊಡಿ. ಧೂಳು ಏಳಬೇಕು, ಬಿರುಕು ಬಿಡಬೇಕು, ನೋಡಿದ್ರೆ ಅಮ್ಮನಿಗೆ ಅಸಹ್ಯ ಆಗಬೇಕು.”